ತಿರುವಿನಲ್ಲಿ ಜಲಾಂತರ್ಗಾಮಿಗಳು ಮಗ್ಗುಲಾಗುವುದನ್ನು ನಿಷೇಧಿಸುವ ಬಗ್ಗೆ

ಒಳನಾಡು ಜಲಾಂತರ ವಿಹಾರ ನಿರ್ದೇಶನಾಲಯ
ಉಪನಿರ್ದೇಶಕರ (ಮುಳುಗುವಿಕೆ) ಕಚೇರಿ, ಹೊಸಪೇಟೆ

ಸಂಖ್ಯೆ: ಒಜವಿನಿ/ಮುಳುಗು/ಏಳು/ಮತ್ತೆ ಮುಳುಗು/೧೭

ಸುತ್ತೋಲೆ

ವಿಷಯ: ‘ಪಂಪಾ ವಿಹಾರಿ’ ಜಲಾಂತರ್ಗಾಮಿಯು ಪ್ರಾಯೋಗಿಕ ಸಂಚಾರದಲ್ಲಿ ಮಗ್ಗುಲಾದದ್ದು, ಹಾಗೂ ಅದು ಮಗ್ಗುಲಾಗುವುದೆಂದು ಗಣಕಯಂತ್ರವು ಅನುಮತಿಯಿಲ್ಲದೆ ಮೊದಲೇ ಹೇಳಿದ್ದು.

ಉಲ್ಲೇಖ: ೧. ಉಪನಿರ್ದೇಶಕರ ಮೌಖಿಕ ಆದೇಶ.
೨. ಅಂತಹ ಆದೇಶವನ್ನು ತಾವು ನೀಡಿಯೇ ಇಲ್ಲವೆಂಬ ಉಪನಿರ್ದೇಶಕರ ಸ್ಪಷ್ಟೀಕರಣ.
೩. ಜಲಾಶಯದ ನೀರಿನ ನಡವಳಿಕೆ.

ಪ್ರಸ್ತಾವನೆ:

ಮೇಲ್ಕಂಡ ವಿಷಯದ ಬಗ್ಗೆ ಹೊಸಪೇಟೆ, ಕಮಲಾಪುರ, ಸಂಡೂರು ಮತ್ತು ಕಂಪ್ಲಿಯ ಮಿರ್ಚಿ ಅಂಗಡಿಗಳಲ್ಲಿ ನಾನಾ ಬಗೆಯ ಮಾತುಗಳು ಹರಿದಾಡುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಸದರಿ ಮಾತುಗಳಲ್ಲಿ ಬಹುಪಾಲು ನಿಜವಾಗಿರುವುದರಿಂದ ಅವುಗಳನ್ನು ಹೀಗೇ ಬಿಡುವುದು ಅಪಾಯಕಾರಿ ಎಂದು ಮನಗಂಡು, ನಡೆದ ಸಂಗತಿಯನ್ನು ವಿಚಾರಣೆಯಲ್ಲಿ ಕಂಡುಬಂದಂತೆ ಸಿಬ್ಬಂದಿಯ ತಿಳುವಳಿಕೆಗಾಗಿ ಕೆಳಗೆ ವಿವರಿಸಲಾಗಿದೆ. ವಿಚಾರಣೆಯನ್ನು ಉಪನಿರ್ದೇಶಕರೇ ನಡೆಸಿ, ಉಪನಿರ್ದೇಶಕರನ್ನೂ ಪ್ರಶ್ನಿಸಿ, ಅವರ ಉತ್ತರಗಳಿಂದ ಸಂಪೂರ್ಣ ತೃಪ್ತರಾಗಿರುತ್ತಾರೆ.

ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕರಾದ ಶ್ರೀ ವಿರೂಪಾಕ್ಷಪ್ಪನವರ ಮಗಳು ಕುಮಾರಿ ಶಾಂಭವಿ ಈ ಕಚೇರಿಯಲ್ಲಿ ಹರಿವು ವಿಶ್ಲೇಷಕಿಯಾಗಿ ಗುತ್ತಿಗೆ ಆಧಾರದ ಮೇಲೆ ಸೇರಿದ್ದರು. ಅವರ ಕೆಲಸ ಏನೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲವಾದ್ದರಿಂದ ಅವರಿಗೆ ಯಾರೂ ತೊಂದರೆ ಕೊಟ್ಟಿರಲಿಲ್ಲ. ಅವರು ಜಲಾಂತರ್ಗಾಮಿಯ ಆಕಾರವನ್ನು ಗಣಕಯಂತ್ರದೊಳಗೆ ಇಟ್ಟು, ಸುತ್ತಲಿನ ನೀರನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿನ ವೇಗ, ಒತ್ತಡಗಳನ್ನು ಲೆಕ್ಕ ಹಾಕುತ್ತಿದ್ದರು. ಹೀಗೆ ಮಾಡಿದರೆ ನೌಕೆಗೆ ಮೊಳೆ ಹೊಡೆಯುವ ಮೊದಲೇ ಅದು ಹೇಗೆ ತಿರುಗೀತು, ಹೇಗೆ ಮುಳುಗೀತು, ಚಾಲಕರ ಮಾತು ಕೇಳೀತೋ ಇಲ್ಲವೋ ಎಂಬುದು ಪರದೆಯ ಮೇಲೆ ಕಾಣುತ್ತದೆಂದು ಅವರ ಹೇಳಿಕೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ.

ಅವರು ರೂಪಿಸಿದ ಮೂಲ ನೌಕೆ ಬದನೆಕಾಯಿಯಂತೆ ನುಣ್ಣಗಿತ್ತು. ಬೆನ್ನ ಮೇಲೆ ಒಂದು ಮೊಣಕಾಲೆತ್ತರದ ಗೋಪುರ, ಅಷ್ಟೆ. ಇದನ್ನು ಕಂಡು ಉಪನಿರ್ದೇಶಕರಾದ ಶ್ರೀ ಮಾಲತೇಶ್ ಅವರಿಗೆ ತೀವ್ರ ಬೇಸರವಾಯಿತು. ಜಲಾಂತರ್ಗಾಮಿಯು ಮುಳುಗಿದ ಮೇಲೆ ದಡದಲ್ಲಿ ನಿಂತ ಗಣ್ಯರಿಗೆ ಏನು ಕಾಣಬೇಕು ಎಂಬ ಮೂಲಭೂತ ಪ್ರಶ್ನೆಯನ್ನು ಅವರು ಎತ್ತಿದರು. ಮುಳುಗಿದ ಮೇಲೆ ಏನೂ ಕಾಣುವುದಿಲ್ಲವೆಂದು ಕುಮಾರಿ ಶಾಂಭವಿ ಉತ್ತರಿಸಿದರು. ಆ ಉತ್ತರವನ್ನು ಉದ್ಧಟತನವೆಂದು ದಾಖಲಿಸಿ, ಮುಳುಗಿದ ಮೇಲೂ ಮೂರು ಕಳಶಗಳು ಮತ್ತು ನಿರ್ದೇಶನಾಲಯದ ಹೆಸರು ನೀರಿನ ಮೇಲೆ ಕಾಣುವಂತೆ ಹಂಪಿ ಶೈಲಿಯ ಎತ್ತರದ ಗೋಪುರವನ್ನು ಬೆನ್ನಿಗೆ ಬೆಸೆಯಲು ಆದೇಶಿಸಲಾಯಿತು.

ಕುಮಾರಿ ಶಾಂಭವಿ ಜಗಳವಾಡಲಿಲ್ಲ. ಹೊಸ ಗೋಪುರವನ್ನು ಪರದೆಯ ಮೇಲಿನ ನೌಕೆಗೂ ಕೂಡಿಸಿ ತಿರುಗಿಸಿ ನೋಡಿದರು. ನೆಟ್ಟಗೆ ಹೋಗುವಾಗ ನೌಕೆ ಸುಮ್ಮನಿತ್ತು. ವೇಗದಲ್ಲಿ ತಿರುಗಿಸಿದ ಕೂಡಲೇ ನೀರು ಅಡ್ಡಲಾಗಿ ಬಂದು ಗೋಪುರಕ್ಕೆ ಅಪ್ಪಳಿಸಿ ನೌಕೆಯನ್ನು ಮಗ್ಗುಲಿಗೆ ಕೆಡವಿತು. ಗೋಪುರದ ಹಿಂದೆ ಎದ್ದ ಸುಳಿ ಬಾಲದ ರೆಕ್ಕೆಗಳ ಮೇಲೆ ಹಾದು ಬಾಲವನ್ನು ಕೆಳಗೆ ಒತ್ತಿ ಮೂತಿಯನ್ನು ಮೇಲಕ್ಕೆತ್ತಿತು. ಲೆಕ್ಕ ತಪ್ಪಿರಬಹುದೆಂದು ತುಂಡುಗಳನ್ನು ಇನ್ನೂ ಸಣ್ಣಗೆ ಮಾಡಿ ಮತ್ತೆ ಓಡಿಸಿದರು. ಆಗಲೂ ನೌಕೆ ಬಿತ್ತು. ಅಂದು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದರೆಂದು ಅವರ ತಾಯಿಯವರು ತಿಳಿಸಿರುತ್ತಾರೆ.

ಪ್ರಗತಿ ಪರಿಶೀಲನಾ ಸಭೆಯಲ್ಲಿ ಸದರಿ ಚಿತ್ರವನ್ನು ಗೋಡೆಯ ಮೇಲೆ ತೋರಿಸಲಾಯಿತು. ಸಭೆಯ ನಡಾವಳಿ ಈ ಕೆಳಗಿನಂತಿದೆ.

“ಗೋಪುರದ ಒಂದು ಕಡಿ ಇಷ್ಟು ಕೆಂಪಗ ಯಾಕ ಐತ್ರೀ?” ಎಂದು ಉಪನಿರ್ದೇಶಕರು ಕೇಳಿದರು.

“ಅಲ್ಲಿ ಒತ್ತಡ ಭಾಳ ಐತ್ರಿ ಸರ್.”

“ಕಡಿಮಿ ಮಾಡ್ರಿ ಮತ್ತ.”

“ಒತ್ತಡ ಕಡಿಮಿ ಮಾಡ್ಲೆನ್ರಿ, ಬಣ್ಣ ಕಡಿಮಿ ಮಾಡ್ಲೆನ್ರಿ?”

“ಯಾವುದು ಜಲ್ದಿ ಆಕ್ಕೈತೋ ಅದನ್ನ ಮಾಡ್ರಿ.”

“ಸರ್, ಗೋಪುರ ಕೊಯ್ದು ಹಾಕಿದ್ರ ಎರಡೂ ಆಕ್ಕಾವ್ರಿ. ಇಲ್ಲಾಂದ್ರ ಒಳಗ ಕುಂತು ನಡ್ಸಾಕಿ ಉಳಿಯೋದು ಕಷ್ಟ ಐತಿ. ನಾನು ಇದಕ್ಕ ಸಹಿ ಮಾಡಂಗಿಲ್ರಿ.”

ಬಳಿಕ ಉಪನಿರ್ದೇಶಕರ ಸೂಚನೆಯಂತೆ ಚಿತ್ರವು ಆದ್ಯಂತ ಎಲೆಹಸಿರಾಯಿತು. ಕುಮಾರಿ ಶಾಂಭವಿಯವರನ್ನು ಕಮಲಾಪುರದ ಉಪಕಚೇರಿಗೆ ನಿಯೋಜಿಸಲಾಯಿತು. ಅಲ್ಲಿ ಗಣಕಯಂತ್ರವಿಲ್ಲ. ವಿದ್ಯುತ್ತಿದೆ, ಆದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ಕಿಟಕಿಯಿಂದ ಬಾಳೆಗೊನೆ ತುಂಬಿದ ಲಾರಿಗಳು ಕಾಣುತ್ತವೆ.

ನೌಕೆಯ ಚಾಲಕಿ ಶ್ರೀಮತಿ ಭಾಗ್ಯ, ಯಶವಂತನಗರದವರು, ಹಿಂದೆ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದವರು. ಪ್ರಾಯೋಗಿಕ ಸಂಚಾರ ಹತ್ತಿರ ಬಂದಾಗ ಅವರು ಕಚೇರಿಯ ಅನುಮತಿಯಿಲ್ಲದೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದರು.

“ಮೇಡಮ್, ಹಸಿರು ಚಿತ್ರ ತೋರ್ಸಿ ಎಲ್ಲಾ ಮಸ್ತ್ ಐತಿ ಅಂತಾರ. ನೀವೇನಂತೀರಿ?” ಎಂದು ಅವರು ಕೇಳಿದರು.

“ಹತ್ತಬ್ಯಾಡ ಭಾಗ್ಯ. ಜಡ್ಕಿಸಿ ತಿರುವಿದ್ರ ಮಗ್ಗಲಾಕ್ಕೈತಿ. ಹಂಗ ಬಾಲ ಕೆಳಗ ಹೋಗಿ ತಳಕ್ಕ ಕುಂದರ್ತೈತಿ.”

“ನಾ ಹತ್ತದಿದ್ರ ಅಂಜಿನೀನ ಹತ್ತಸ್ತಾರ್ರಿ. ಆಗ್ಲೇ ಹೇಳ್ಯಾರ ಅವಂಗ. ಅವ ಹೊಸ ಡ್ರೈವರ್. ಹೋದ ತಿಂಗಳ ಲಗ್ನ ಆಗೇತಿ, ಈಜಾಕೂ ಬರಂಗಿಲ್ಲ. ನನಗರ ಈಜು ಬರ್ತೈತಿ.”

“ಮುಚ್ಚಿದ ಡಬ್ಬ್ಯಾಗ ಈಜು ಬಂದ್ರೇನು, ಬರದಿದ್ರೇನು?”

“ಅದಕ್ಕ ಬಂದೀನ್ರಿ. ಬಿದ್ದಾಗ ಏನ್ ಮಾಡ್ಬೇಕು ಅಷ್ಟು ಹೇಳ್ರಿ.”

ನೌಕೆ ಬೀಳುತ್ತದೆಂದು ಮಾತ್ರ ಕುಮಾರಿ ಶಾಂಭವಿ ಲೆಕ್ಕ ಹಾಕಿದ್ದರೇ ಹೊರತು, ಬಿದ್ದದ್ದು ಏಳುವುದು ಹೇಗೆಂದು ಯೋಚಿಸಿರಲಿಲ್ಲ. ಅದು ಅವರಿಗೆ ನಾಚಿಕೆಯ ಸಂಗತಿಯಾಗಿ ಕಂಡಿತು. ಶ್ರೀಮತಿ ಭಾಗ್ಯರನ್ನು ಕರೆದುಕೊಂಡು ನೇರವಾಗಿ ಕಂಪ್ಲಿಯ ತಮ್ಮ ತಂದೆಯ ಗಿರಣಿಗೆ ಹೋದರು. ಹೊಟ್ಟಿನ ದೂಳು ಕೂತಿದ್ದ ಮೇಜನ್ನು ಒರೆಸಿ ಸ್ವಂತ ಗಣಕಯಂತ್ರವನ್ನು ತೆರೆದರು. ಗಿರಣಿ ಓಡುವಾಗ ಮೇಜು ಗಡಗಡ ನಡುಗುತ್ತಿದ್ದುದರಿಂದ, ಶ್ರೀ ವಿರೂಪಾಕ್ಷಪ್ಪನವರು ತಮ್ಮ ಗಿರಣಿಯನ್ನು ನಿಲ್ಲಿಸಿ ಭತ್ತ ತಂದ ರೈತರಿಗೆ ಚಹಾ ಕುಡಿಸಿ ಕೂರಿಸಿದರು. ಖಾಸಗಿ ಗಿರಣಿಯನ್ನು ಸರ್ಕಾರಿ ನೌಕೆಯ ಹಿತಕ್ಕಾಗಿ ನಿಲ್ಲಿಸಿದ ಈ ಕೃತ್ಯವನ್ನು ಕಚೇರಿಯು ತೀವ್ರವಾಗಿ ಖಂಡಿಸುತ್ತದೆ.

ಪರದೆಯ ನೌಕೆಯನ್ನು ಮತ್ತೆ ಮತ್ತೆ ಬೀಳಿಸಿ ನೋಡಲಾಯಿತು. ಎದುರು ದಿಕ್ಕಿಗೆ ಚುಕ್ಕಾಣಿ ತಿರುವಿದರೆ ನೌಕೆ ಇನ್ನೊಂದು ಮಗ್ಗುಲಿಗೆ ಮೊದಲಿಗಿಂತ ಜೋರಾಗಿ ಬೀಳುತ್ತಿತ್ತು. ವೇಗ ಹೆಚ್ಚಿಸಿದರೆ ಬಾಲ ಇನ್ನೂ ಕೆಳಗಿಳಿಯುತ್ತಿತ್ತು. ಚುಕ್ಕಾಣಿಯನ್ನು ನೆಟ್ಟಗೆ ಮಾಡಿ, ಯಂತ್ರವನ್ನು ನಿಧಾನಕ್ಕೆ ತಂದು, ಮುಳುಗಲೆಂದು ತುಂಬಿಸಿಕೊಂಡ ತೊಟ್ಟಿಗಳ ನೀರನ್ನು ಗಾಳಿಯಿಂದ ಹೊರಗೆ ಊದಿ, ಸುಮ್ಮನೆ ಕುಳಿತರೆ ಮಾತ್ರ ಅದು ತಾನಾಗಿ ನೆಟ್ಟಗಾಗುತ್ತಿತ್ತು.

“ಸುಮ್ನ ಕುಂದ್ರೋದ ಕಷ್ಟರಿ ಮೇಡಮ್,” ಎಂದರು ಭಾಗ್ಯ. “ಡಂಪರ್ ಜಾರಿದ್ರ ಕೈ ತಾನ ಎದುರು ತಿರುವ್ತೈತಿ.”

“ಕೈಗೆ ಬ್ಯಾಡ ಅಂತ ಹೇಳು. ನಾ ದಂಡಿ ಮ್ಯಾಲ ಇರ್ತೀನಿ.”

ಪ್ರಾಯೋಗಿಕ ಸಂಚಾರದ ದಿನ ಜಲಾಶಯದ ಹಿನ್ನೀರಿನ ದಡದಲ್ಲಿ ಶಾಮಿಯಾನ ಹಾಕಲಾಗಿತ್ತು. ಕುಮಾರಿ ಶಾಂಭವಿ ರಜೆ ಹಾಕದೆ ಬಂದು ವೈರ್‌ಲೆಸ್ ಇಟ್ಟಿದ್ದ ಮೇಜಿನ ಹಿಂದೆ ನಿಂತರು. ‘ಪಂಪಾ ವಿಹಾರಿ’ ಮೂರು ಕಳಶಗಳನ್ನೂ ನಿರ್ದೇಶನಾಲಯದ ಹೆಸರನ್ನೂ ಮಾತ್ರ ಮೇಲೆ ಬಿಟ್ಟುಕೊಂಡು ಮುಳುಗಿ ವೇದಿಕೆಯ ಮುಂದೆ ನಿಧಾನವಾಗಿ ಒಂದು ಸುತ್ತು ಬಂತು. ಚಪ್ಪಾಳೆ ಬಿತ್ತು. ಆದರೆ ಛಾಯಾಗ್ರಾಹಕರು ಆಗ ತಿಂಡಿಗೆ ಹೋಗಿದ್ದರು.

ಉಪನಿರ್ದೇಶಕರು ವೈರ್‌ಲೆಸ್ ಎತ್ತಿಕೊಂಡು, “ಇನ್ನೊಂದು ಸುತ್ತು ಬಾರಮ್ಮ! ಫುಲ್ ಸ್ಪೀಡ್! ನೀರು ಹಾರ್ಬೇಕು! ಆಗದಿದ್ರ ಇಳಿ, ಅಂಜಿನಿ ಹತ್ತಲಿ!” ಎಂದು ಆದೇಶಿಸಿದರು. ಉಲ್ಲೇಖ ೧ ಇದೇ ಆಗಿರುತ್ತದೆ. ಉಲ್ಲೇಖ ೨ರ ಪ್ರಕಾರ ಇದು ನಡೆದಿರುವುದಿಲ್ಲ.

ನೌಕೆ ವೇಗವಾಗಿ ತಿರುಗಿತು. ಕಳಶಗಳು ಒಮ್ಮೆಲೇ ಓರೆಯಾಗಿ ನೀರಿಗೆ ಬಡಿದು ಮಾಯವಾದವು. ಅವು ಇದ್ದಲ್ಲಿ ನೌಕೆಯ ಮೂತಿ ಮೊಸಳೆಯ ಹಾಗೆ ಮೇಲೆದ್ದು, ಆಕಾಶ ನೋಡಿ, ಹಿಂದಕ್ಕೆ ಜಾರಿ ಮುಳುಗಿತು. ವೈರ್‌ಲೆಸ್‌ನಲ್ಲಿ ಪಾತ್ರೆ ಉರುಳಿದ ಹಾಗೆ ಸದ್ದು. ಉಪನಿರ್ದೇಶಕರು, “ಆ ಕಡಿ ತಿರುವು! ಆ ಕಡಿ!” ಎಂದು ಕೂಗತೊಡಗಿದರು.

ಈ ಹಂತದಲ್ಲಿ ಕುಮಾರಿ ಶಾಂಭವಿ ಮೇಲಧಿಕಾರಿಯ ಕೈಯಿಂದ ವೈರ್‌ಲೆಸ್ ಕಿತ್ತುಕೊಂಡರು.

“ಭಾಗ್ಯ, ನಾನು. ಏನೂ ತಿರುವಬ್ಯಾಡ. ನೆಟ್ಟಗ ಹಿಡಿ. ಸ್ಪೀಡ್ ಬಿಡು. ತೊಟ್ಟಿ ಊದು. ಊದಿದೇನು?”

ವೈರ್‌ಲೆಸ್‌ನಲ್ಲಿ ಗರಗರ ಸದ್ದಷ್ಟೇ ಬಂತು.

“ಊದಿ ಸುಮ್ನ ಕುಂದ್ರು. ಕೈ ತೊಡಿ ಮ್ಯಾಲ ಇಟ್ಕೊ. ಅದು ಎದ್ದೇ ಏಳ್ತೈತಿ. ನಾ ನೋಡೀನಿ, ಅದು ಏಳ್ತೈತಿ.”

ತಾವು ನೋಡಿದ್ದು ಪರದೆಯ ನೀರು, ಇದು ನಿಜವಾದ ನೀರು ಎಂಬ ಯೋಚನೆ ಆಗ ತಮಗೆ ಬಂತೆಂದು ಕುಮಾರಿ ಶಾಂಭವಿ ಹೇಳಿಕೆ ನೀಡಿರುತ್ತಾರೆ. ಸದರಿ ಯೋಚನೆಗೆ ಪೂರ್ವಾನುಮತಿ ಪಡೆದಿರುವುದಿಲ್ಲ. ದಡದಲ್ಲಿ ಹೊಸ ಚಾಲಕ ಶ್ರೀ ಅಂಜಿನಿ ಕೈಮುಗಿದು ನಿಂತಿದ್ದರು. ನೀರಿನ ಮೇಲೆ ಗುಳ್ಳೆಗಳು ಬಂದವು, ನಿಂತವು, ಮತ್ತೆ ಬಂದವು.

ಆಮೇಲೆ ನೌಕೆ ಎದ್ದಿತು. ಮೊದಲು ಬೆನ್ನು, ನಂತರ ಒಂದೇ ಕಳಶ ಉಳಿದ ಗೋಪುರ. ಮುಚ್ಚಳ ತೆರೆದು ಹೊರಬಂದ ಶ್ರೀಮತಿ ಭಾಗ್ಯ ಹಣೆಯ ಗಾಯವನ್ನು ಸೆರಗಿನಿಂದ ಒತ್ತಿಕೊಂಡು ದಡದ ಮೇಲೆ ಕುಳಿತರು. ಉಪನಿರ್ದೇಶಕರು ಮುಂದೆ ಹೋಗಿ, “ಆ ಕಡಿ ತಿರುವು ಅಂದ್ರ ಯಾಕ ತಿರುವ್ಲಿಲ್ಲ?” ಎಂದು ವಿಚಾರಿಸಿದರು.

“ತಿರುವಿದ್ರ ಈ ಮಾತು ಕೇಳಾಕ ನಾ ಇರ್ತಿದ್ದಿಲ್ರಿ,” ಎಂದರು ಭಾಗ್ಯ. ನಂತರ ಕುಮಾರಿ ಶಾಂಭವಿಯವರ ಕಡೆ ತಿರುಗಿ, “ಮೇಡಮ್, ಕೈ ಭಾಳ ಹಟ ಮಾಡ್ತು. ತೊಡಿ ಕೆಳಗ ಇಟ್ಕೊಂಡು ಅದರ ಮ್ಯಾಲ ಕುಂತೆ,” ಎಂದರು. ಕುಮಾರಿ ಶಾಂಭವಿ ನಗಲು ಹೋಗಿ ಅತ್ತರು. ಎರಡನ್ನೂ ಕಚೇರಿ ವೇಳೆಯಲ್ಲಿಯೇ ಮಾಡಲಾಗಿದೆ.

ವಿಚಾರಣೆಯ ತೀರ್ಮಾನ: ನೌಕೆಯು ಹೇಗೆ ಮಗ್ಗುಲಾಗುವುದೆಂದು ಸಿಮ್ಯುಲೇಶನ್ ಹೇಳಿತ್ತೋ, ನಿಜವಾದ ನೀರೂ ಅಕ್ಷರಶಃ ಹಾಗೆಯೇ ನಡೆದುಕೊಂಡಿದೆ. ಇಂತಹ ಹೊಂದಾಣಿಕೆ ಆಕಸ್ಮಿಕವಾಗಿರಲು ಸಾಧ್ಯವಿಲ್ಲ. ಸಿಮ್ಯುಲೇಶನ್ ಹೇಳದಿದ್ದರೆ ಹೀಗೆ ಮಾಡಬಹುದೆಂದು ನೀರಿಗೆ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ಘಟನೆಗೆ ಮೊದಲ ಹೊಣೆ ಸಿಮ್ಯುಲೇಶನ್‌ನದು, ಎರಡನೆಯದು ನೀರಿನದು. ಮೂರನೆಯ ಹೊಣೆ ಯಾರಿಗೂ ಉಳಿದಿರುವುದಿಲ್ಲ.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟವರೂ ಪಡದವರೂ ತಪ್ಪದೇ ಪಾಲಿಸುವಂತೆ ಕೆಳಕಂಡ ನಿಬಂಧನೆಗಳನ್ನು ಹೊರಡಿಸಲಾಗಿದೆ.

೧. ಯಾವುದೇ ಜಲಾಂತರ್ಗಾಮಿಯು ತಿರುವಿನಲ್ಲಿ ಮಗ್ಗುಲಾಗತಕ್ಕದ್ದಲ್ಲ. ಅನಿವಾರ್ಯವಾಗಿ ಮಗ್ಗುಲಾಗಬೇಕಾದಲ್ಲಿ ಚಾಲಕರು ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಒದ್ದೆಯಾದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.

೨. ಜಲಾಶಯದ ವ್ಯಾಪ್ತಿಯಲ್ಲಿ ಏಳುವ ಸುಳಿಗಳು ಕಚೇರಿ ವೇಳೆಯಲ್ಲಿ ಮಾತ್ರ ಏಳತಕ್ಕದ್ದು. ಒಂದು ಶಾಖೆಯಲ್ಲಿ ಎದ್ದ ಸುಳಿ ಮೇಲಧಿಕಾರಿಯ ಮೂಲಕವಲ್ಲದೆ ನೇರವಾಗಿ ಬಾಲದ ಶಾಖೆಗೆ ಹೋಗತಕ್ಕದ್ದಲ್ಲ.

೩. ಸಿಮ್ಯುಲೇಶನ್ ಚಿತ್ರಗಳಲ್ಲಿ ಕೆಂಪು ಬಣ್ಣವನ್ನು ನಿಷೇಧಿಸಲಾಗಿದೆ. ಸಂಡೂರಿನ ಕಡೆಯಿಂದ ಬರುವ ಸಿಬ್ಬಂದಿ ಅದಿರಿನ ದೂಳಿನಿಂದ ಕೆಂಪಾಗಿ ಬಂದಲ್ಲಿ, ಅವರು ಒತ್ತಡದಲ್ಲಿದ್ದಾರೆಂದು ಭಾವಿಸತಕ್ಕದ್ದಲ್ಲ. ಅವರು ಒತ್ತಡದಲ್ಲಿದ್ದರೂ ಹಾಗೆ ಭಾವಿಸತಕ್ಕದ್ದಲ್ಲ.

೪. ಲೆಕ್ಕ ಮುಂದುವರಿದಂತೆ ಅದರ ದೋಷ ಕಡಿಮೆಯಾಗುವುದನ್ನು ತೋರಿಸುವ ಇಳಿಜಾರು ಗೆರೆಯೊಂದು ಪರದೆಯ ಮೇಲೆ ಮೂಡುತ್ತದೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಇಳಿಯುವ ಗೆರೆಗಳನ್ನು ತೋರಿಸುವುದು ಇಲಾಖೆಯ ಘನತೆಗೆ ಕುಂದು. ಇನ್ನು ಮುಂದೆ ದೋಷಗಳು ಏರುಮುಖವಾಗಿಯೇ ಇರತಕ್ಕದ್ದು.

೫. ನೌಕೆಯ ಮೈಗೆ ತಾಗಿದ ನೀರು ಹರಿಯದೆ ಅಲ್ಲಿಯೇ ಅಂಟಿ ನಿಲ್ಲುತ್ತದೆಂದು ಸಿಮ್ಯುಲೇಶನ್ ಭಾವಿಸುತ್ತದೆ. ಸರ್ಕಾರಿ ಆಸ್ತಿಗೆ ಅಂಟಿಕೊಂಡು ಚಲಿಸದೆ ಇರುವುದು ಖಾಯಂ ನೌಕರರ ಸೌಲಭ್ಯವಾಗಿದ್ದು, ನೀರಿಗೆ ಅದನ್ನು ವಿಸ್ತರಿಸಲು ಅವಕಾಶವಿರುವುದಿಲ್ಲ.

೬. ನೀರನ್ನು ತುಂಡುಗಳಾಗಿ ವಿಂಗಡಿಸುವ ಮುನ್ನ ಭೂಮಾಪಕರಿಂದ ಪೋಡಿ ಮಾಡಿಸಿ, ಪ್ರತಿ ತುಂಡಿಗೂ ಪ್ರತ್ಯೇಕ ಪಹಣಿ ಪಡೆಯತಕ್ಕದ್ದು. ಅಕ್ಕಪಕ್ಕದ ತುಂಡುಗಳ ಒಪ್ಪಿಗೆ ಪತ್ರ ಲಗತ್ತಿಸತಕ್ಕದ್ದು.

೭. ಅಪಘಾತವನ್ನು ಅದು ಸಂಭವಿಸುವ ಮೊದಲೇ ತಿಳಿಸುವುದು ಶಿಸ್ತುಕ್ರಮಕ್ಕೆ ಒಳಪಡುತ್ತದೆ. ಸಿಮ್ಯುಲೇಶನ್‌ಗಳನ್ನು ಇನ್ನು ಮುಂದೆ ಘಟನೆಯ ನಂತರವೇ ನಡೆಸತಕ್ಕದ್ದು. ಆಗ ಅವು ತಪ್ಪುವ ಸಂಭವ ಕಡಿಮೆ.

೮. ಶ್ರೀಮತಿ ಭಾಗ್ಯ ಮತ್ತು ಶ್ರೀ ಅಂಜಿನಿ ಇವರು ಕುಮಾರಿ ಶಾಂಭವಿ ನೋಡಿ ಸರಿ ಎನ್ನದ ಯಾವ ನೌಕೆಯನ್ನೂ ಹತ್ತುವುದಿಲ್ಲವೆಂದು ಶಾಮಿಯಾನದ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಜಿಲ್ಲೆಯಲ್ಲಿ ಬೇರೆ ಜಲಾಂತರ್ಗಾಮಿ ಚಾಲಕರು ಲಭ್ಯವಿಲ್ಲದಿರುವುದು ಪರಿಶೀಲನೆಯಿಂದ ಕಂಡುಬಂದಿದೆ. ಆದಕಾರಣ ಕುಮಾರಿ ಶಾಂಭವಿಯವರ ಕಮಲಾಪುರದ ನಿಯೋಜನೆಯನ್ನು ರದ್ದುಪಡಿಸಿ, ಎತ್ತರದ ಗೋಪುರವನ್ನು ಕೊಯ್ದು, ಅವರ ಮೂಲ ವಿನ್ಯಾಸದ ಮೊಣಕಾಲೆತ್ತರದ ಗೋಪುರವನ್ನು ಕೂರಿಸಲಾಗಿದೆ. ಇದು ಉಪನಿರ್ದೇಶಕರ ದೂರದೃಷ್ಟಿಯ ಫಲವೆಂದು ಎಲ್ಲರೂ ತಿಳಿಯತಕ್ಕದ್ದು. ತಿಳಿಯದವರು ತಿಳಿದಂತೆ ನಡೆದುಕೊಳ್ಳತಕ್ಕದ್ದು.

೯. ಎರಡನೆಯ ಪ್ರಾಯೋಗಿಕ ಸಂಚಾರವನ್ನು ಶಾಮಿಯಾನವಿಲ್ಲದೆ ನಡೆಸಲಾಯಿತು. ಅತಿಥಿಗಳಿಗೆ ಮೀಸಲಾದ ಆಸನದಲ್ಲಿ ಕುಳಿತುಕೊಳ್ಳಲು ಉಪನಿರ್ದೇಶಕರನ್ನು ಆಹ್ವಾನಿಸಲಾಗಿ, ಅವರಿಗೆ ಅಂದು ಬೇರೊಂದು ಸಭೆ ಇತ್ತು. ಸದರಿ ಆಸನದಲ್ಲಿ ಕುಮಾರಿ ಶಾಂಭವಿ ಅನಧಿಕೃತವಾಗಿ ಕುಳಿತರು. ತಾವು ವರ್ಷಗಟ್ಟಲೆ ಪರದೆಯಲ್ಲಿ ಹರಿಸಿದ ನೀರಿನೊಳಗೆ ಅವರು ಇಳಿದದ್ದು ಅದೇ ಮೊದಲು. ಪೂರ್ಣ ವೇಗದ ತಿರುವು ಬಂದಾಗ ಅವರು ಕಣ್ಣುಮುಚ್ಚಿ ಆಸನದ ಅಂಚನ್ನು ಬಿಗಿಯಾಗಿ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ, “ಯಾವಾಗ ತಿರುವ್ತಿ?” ಎಂದು ಕೇಳಿದರು. “ಆಗ್ಲೇ ತಿರುವಿ ಆತ್ರಿ. ಬೆಣ್ಣಿ ಇದ್ದಂಗ ಐತಿ. ಕಣ್ಣು ಬಿಡ್ರಿ, ಮೀನು ನೋಡ್ರಿ,” ಎಂದು ಚಾಲಕಿ ಉತ್ತರಿಸಿದರು. ಕುಮಾರಿ ಶಾಂಭವಿ ಕಣ್ಣು ಬಿಟ್ಟು ಮೀನು ನೋಡಿದರು. ಇದಕ್ಕೆ ಟಿಕೆಟ್ ಪಡೆದಿರುವುದಿಲ್ಲ. ವಿವರಣೆ ಕೇಳಿ ನೋಟಿಸ್ ನೀಡಲಾಗಿದೆ.

೧೦. ಈ ಸುತ್ತೋಲೆಯು ನೀರಿಗೂ ಅನ್ವಯಿಸುತ್ತದೆ.

ಸಹಿ/-
(ಮಾಲತೇಶ್)
ಉಪನಿರ್ದೇಶಕರು (ಮುಳುಗುವಿಕೆ)
ಹಾಗೂ ಹೆಚ್ಚುವರಿ ಪ್ರಭಾರ, ಮೇಲೇಳುವಿಕೆ
ಹೊಸಪೇಟೆ

ಪ್ರತಿಗಳು:

೧. ನಿರ್ದೇಶಕರಿಗೆ, ಓದದೆ ಅನುಮೋದಿಸುವಂತೆ ಕೋರಿ.
೨. ಕಮಲಾಪುರದ ಉಪಕಚೇರಿಗೆ. ಅಲ್ಲಿ ಈಗ ಯಾರೂ ಇಲ್ಲದಿರುವುದರಿಂದ ಬಾಗಿಲ ಸಂದಿಯಲ್ಲಿ ತೂರಿಸುವುದು.
೩. ಶ್ರೀ ವಿರೂಪಾಕ್ಷಪ್ಪ, ಕಂಪ್ಲಿ ಇವರಿಗೆ. ಮುಂದೆ ಗಿರಣಿ ನಿಲ್ಲಿಸುವಾಗ ಕಚೇರಿಗೂ ಚಹಾ ಕಳುಹಿಸುವಂತೆ ತಿಳಿಸುತ್ತಾ.
೪. ಶ್ರೀಮತಿ ಭಾಗ್ಯ, ಚಾಲಕಿ. ಇವರು ಪ್ರತಿಯನ್ನು ಸ್ವೀಕರಿಸಲು ನಿರಾಕರಿಸಿದ್ದು, ಸಂತೋಷದಿಂದ ಸ್ವೀಕರಿಸಿದ್ದಾರೆಂದು ಪರಿಗಣಿಸಲಾಗಿದೆ.
೫. ಕುಮಾರಿ ಶಾಂಭವಿ, ಹರಿವು ವಿಶ್ಲೇಷಕಿ. ಮುಂದಿನ ಎಲ್ಲ ನೌಕೆಗಳ ವಿನ್ಯಾಸವನ್ನು ಇವರೇ ಮಾಡತಕ್ಕದ್ದು. ಇವರು ಮಾಡಿದರೆಂದು ಯಾರೂ ಹೇಳತಕ್ಕದ್ದಲ್ಲ.